ಒಂಬತ್ತನೇ ಕಿಸೆ

“ವೆಂಕಣ್ಣಾ, ಒಂಬತ್ತನೇದು ಇಲ್ಲ!”

ಶನಿವಾರ ಬೆಳಿಗ್ಗೆ ನನ್ನ ಮನೆಯ ಹೊಸ್ತಿಲಲ್ಲಿ ನಿಂತು ದತ್ತು ಹೇಳಿದ್ದು ಇಷ್ಟೇ. ಕೋಟಿನ ಗುಂಡಿಗಳನ್ನು ಹೇಗೆ ಬೇಕೋ ಹಾಗೆ ಹಾಕಿಕೊಂಡಿದ್ದ. ತಲೆಯ ಮೇಲೆ ಟೊಪ್ಪಿಗೆ ಇರಲಿಲ್ಲ. ಧಾರವಾಡದ ನಮ್ಮ ಮಾಳಮಡ್ಡಿಯಲ್ಲಿ ಸರಕಾರಿ ಗುಮಾಸ್ತನೊಬ್ಬ ಬರಿದಲೆಯಲ್ಲಿ ಬೀದಿಗೆ ಬಂದನೆಂದರೆ ಮನೆಯಲ್ಲಿ ಯಾರೋ ಸತ್ತಿರಬೇಕು. ನಾನು ಚಹಾದ ಬಸಿ ಕೆಳಗಿಟ್ಟು ಎದ್ದೆ.

ಯಾರೂ ಸತ್ತಿರಲಿಲ್ಲ. ಆದರೆ ಆ ಒಂಬತ್ತನೇದು ಸಿಕ್ಕಬಾರದವರ ಕೈಗೆ ಸಿಕ್ಕರೆ ಒಬ್ಬನಿಗೆ ಗಲ್ಲಾಗುವುದು ಖಂಡಿತವಾಗಿತ್ತು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಾಲೆಯಲ್ಲಿ ಅಂಕಗಣಿತ ಕಲಿಸುತ್ತೇನೆ. ಆ ಕಾಲದಲ್ಲಿ ರವಿವಾರಕ್ಕೊಮ್ಮೆ ‘ಯೂನಿಟಿ ಇಲೆವೆನ್’ ಎಂಬ ನಮ್ಮ ಕ್ರಿಕೆಟ್ ತಂಡದ ರನ್ನುಗಳನ್ನು ಬರೆಯುತ್ತಿದ್ದೆ. ಚೆಂಡು ನನ್ನ ಕಡೆ ಉರುಳಿದರೆ ಪುಸ್ತಕ ಬಿಟ್ಟು ಓಡುತ್ತಿದ್ದೆ. ಧಾರವಾಡ, ಹುಬ್ಬಳ್ಳಿ ಎರಡೂ ಊರಿನ ಹುಡುಗರು ಸೇರಿ ಕಟ್ಟಿದ ತಂಡ ಅದು. ೧೯೩೮ರಲ್ಲಿ ಬೆಳಗಾವಿಗೆ ಹೋಗಿ ಕಪ್ ಗೆದ್ದು ಬಂದಾಗ ಒಂದು ಚಹಾ ಕಂಪನಿಯವರು ಹನ್ನೊಂದು ಆಟಗಾರರ ಚಿತ್ರದ ಕಾರ್ಡು ಅಚ್ಚು ಹಾಕಿಸಿ ಪೊಟ್ಟಣಕ್ಕೊಂದರಂತೆ ಇಟ್ಟರು. ದತ್ತೂಗೆ ಹುಚ್ಚು ಹಿಡಿಯಿತು. ಆ ವರ್ಷ ಅವನ ಹೆಂಡತಿ ಇಂದು ವೈನಿ ನೆರೆಹೊರೆಗೆಲ್ಲ ಚಹಾಪುಡಿ ಹಂಚಿ ಸುಸ್ತಾದರು.

ಹನ್ನೊಂದೂ ಕೂಡಿದವು. ದತ್ತೂಗೆ ಸಾಲಲಿಲ್ಲ. ಪ್ರತಿ ಕಾರ್ಡಿನ ಮೇಲೆ ಆಯಾ ಆಟಗಾರನ ಸಹಿ ಬೇಕೆಂದು ಹಟ ಹಿಡಿದ. ಹತ್ತು ಜನ ಮಾಡಿಕೊಟ್ಟರು. ಒಂಬತ್ತನೇ ಕಾರ್ಡಿನ ಮೈಲಾರಪ್ಪ ಮಾತ್ರ ನಕ್ಕು ಹೆಬ್ಬೆಟ್ಟು ತೋರಿಸಿದ. ಹುಬ್ಬಳ್ಳಿಯ ರೇಲ್ವೆ ಕಾರಖಾನೆಯ ಕೂಲಿಯವ, ನಮ್ಮ ವೇಗದ ಬೌಲರ್, ಅಕ್ಷರ ಗೊತ್ತಿಲ್ಲ. ದತ್ತು ಬಿಡಲಿಲ್ಲ. ಮೂರು ತಿಂಗಳು ಅವನನ್ನು ಮೈದಾನದ ಬೇವಿನ ಗಿಡದ ಕೆಳಗೆ ಕೂರಿಸಿ ಪಾಟಿಯ ಮೇಲೆ ತಿದ್ದಿಸಿದ. ಕಡೆಗೊಂದು ದಿನ ಮೈಲಾರಪ್ಪ ಕಾರ್ಡಿನ ಮೇಲೆ ಮಸಿಯಲ್ಲಿ ಬರೆದ: ‘ದತ್ತೂರಾಯರಿಗೆ. ಬೆಳಗಾವಿ. ಏಳು ವಿಕೆಟ್. ಮೈಲಾರಪ್ಪ.’

ಐದು ವರ್ಷದ ಮೇಲೆ ಅದೇ ಅಕ್ಷರ ಅವನ ಕೊರಳಿಗೆ ಬಂತು. ಹಿಂದಿನ ಆಗಸ್ಟಿನ ಚಳವಳಿಯಲ್ಲಿ ಒಂದು ಸಣ್ಣ ಸ್ಟೇಶನ್ ಸುಟ್ಟುಹೋಗಿತ್ತು. ಒಳಗೆ ಮಲಗಿದ್ದ ಕಾವಲುಗಾರ ಸತ್ತಿದ್ದ. ಯಾವ ಹೊತ್ತಿಗೆ ಬೆಂಕಿ ಹಚ್ಚಬೇಕೆಂದು ಬರೆದ ಒಂದು ಚೀಟಿ ಪೊಲೀಸರಿಗೆ ಸಿಕ್ಕಿತ್ತು. ಹೆಸರಿಲ್ಲದ ಚೀಟಿ. ಅನುಮಾನದ ಮೇಲೆ ಮೈಲಾರಪ್ಪನನ್ನು ಹಿಡಿದಾಗ ಅವನು ಒಂದೇ ಮಾತು ಹೇಳಿದ — ನನಗ ಬರಿಯಾಕ ಬರೂದಿಲ್ಲ. ಕಾರಖಾನೆಯ ಹಾಜರಿ ಪುಸ್ತಕದಲ್ಲಿ ಹನ್ನೆರಡು ವರ್ಷದ ಹೆಬ್ಬೆಟ್ಟು ಇತ್ತು. ಹೊಡೆದರೂ ಅವನ ಕೈಯಿಂದ ಒಂದಕ್ಷರ ಬರೆಸಲಾಗಲಿಲ್ಲ. ಸೋಮವಾರ ಕೋರ್ಟಿನಲ್ಲಿ ವಿಚಾರಣೆ. ಬರೆಯಲು ಬಾರದವ ಚೀಟಿ ಹೇಗೆ ಬರೆದಾನು ಎಂಬುದೊಂದೇ ವಕೀಲರ ಆಸರೆ. ಅವನು ಬರೆಯಬಲ್ಲ ಎಂದು ತೋರಿಸುವ ವಸ್ತು ಜಗತ್ತಿನಲ್ಲಿ ಒಂದೇ ಇತ್ತು. ಅದು ದತ್ತುವಿನ ಆಲ್ಬಮ್ಮಿನ ಒಂಬತ್ತನೇ ಹಾಳೆಯಲ್ಲಿತ್ತು.

“ಸುಡು ಅಂತ ಹತ್ತು ಸಲ ಹೇಳಿದ್ದೆನೋ ಇಲ್ಲೋ?” ಎಂದೆ.

“ಸುಡವನ ಇದ್ದೆ, ವೆಂಕಣ್ಣಾ. ದಿನಾ ರಾತ್ರಿ ತಗೀತಿದ್ದೆ. ಹನ್ನೊಂದರಾಗ ಒಂದು ಹೋತಂದ್ರ ಉಳಿದದ್ದೇನು? ಹತ್ತು ರದ್ದಿ ಕಾಗದ.”

ಅವನ ಕಪಾಳಕ್ಕೆ ಬಿಗಿಯಬೇಕೆನ್ನಿಸಿತು. ಬಿಗಿಯಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. ಅವನ ಮನೆಗೆ ಹೋಗಿ ಆಲ್ಬಮ್ಮಿನ ಒಂಬತ್ತನೇ ಹಾಳೆಯಲ್ಲಿ ನಾನೇ ಬೆರಳು ಹಾಕಿ ನೋಡಿದೆ.

ಪೊಲೀಸರಿಗೆ ಹೇಳುವಂತಿಲ್ಲ. ವಕೀಲರಿಗೆ ಹೇಳಿದರೆ ಅವರೂ ಹೆದರಿ ಕೇಸು ಬಿಟ್ಟಾರು. ಉಳಿದವರು ಖಾಜಾಸಾಬರು.

ಆಲ್ಬಮ್ಮನ್ನು ಕಟ್ಟಿಕೊಟ್ಟವರೇ ಅವರು. ಬಜಾರಿನ ಹಿಂದಿನ ಗಲ್ಲಿಯಲ್ಲಿ ರಟ್ಟು ಕಟ್ಟುವ ಅಂಗಡಿ. ಕೋರ್ಟಿನ ಹಳೆಯ ದಫ್ತರಗಳು ಅವರ ಹತ್ತಿರವೇ ಬರುತ್ತಿದ್ದವು. ಯಾವುದೋ ಆಸ್ತಿಯ ಖತಪತ್ರದಲ್ಲಿ ಹಾಳೆ ಬದಲಾಗಿದೆ ಎಂದು ಜಗಳ ಬಿದ್ದರೆ ಜಡ್ಜರು ಅವರನ್ನೇ ಕರೆಸುತ್ತಿದ್ದರು. ಹೊಲಿಗೆಯ ತೂತು ನೋಡಿ ಇಂಥ ವರ್ಷ, ಇಂಥವನ ಕೈ ಎಂದು ಹೇಳಿಬಿಡುವ ಆಸಾಮಿ. ಒಬ್ಬರ ಮಾತನ್ನು ಇನ್ನೊಬ್ಬರ ಮುಂದೆ ಆಡಿದ್ದಂತೂ ಇಲ್ಲ.

ಕೂಡಲೇ ಓಡಿಹೋಗುವಂತಿರಲಿಲ್ಲ. ದತ್ತು ಕಚೇರಿ ತಪ್ಪಿಸಿದರೆ ಯಾಕೆಂದು ಕೇಳುತ್ತಾರೆ. ಟೊಪ್ಪಿಗೆ ಹಾಕಿಕೊಂಡು ಹೋದ. ನಾನು ಸಾಲೆಗೆ ಹೋದೆ. ಏಳೆಂಟ್ಲೆ ಐವತ್ನಾಲ್ಕು ಎಂದು ತಪ್ಪು ಕಲಿಸಿ ಬಂದೆ. ಬೂಟಿನ ಸಪ್ಪಳ ಕೇಳಿದಾಗಲೆಲ್ಲ ಕಿಟಕಿಗೆ ಹೋಗಿ ನೋಡುತ್ತಿದ್ದೆ.

ಮಧ್ಯಾಹ್ನ ಎರಡೂವರೆಗೆ ಆಲ್ಬಮ್ಮನ್ನು ಚೀಲದಲ್ಲಿಟ್ಟುಕೊಂಡು ಖಾಜಾಸಾಬರ ಅಂಗಡಿ ಸೇರಿದೆವು. ಅವರು ಎಲ್ಲ ಕೇಳಿಸಿಕೊಂಡರು. ಬಾಗಿಲು ಅರ್ಧ ಮುಚ್ಚಿ, ಆಲ್ಬಮ್ ಬಿಚ್ಚಿದರು. ಹಾಳೆಗೊಂದು ಕಾರ್ಡು. ಕಾರ್ಡಿಗೆ ಅಂಟು ತಾಗಬಾರದೆಂದು ತೆಳ್ಳನೆಯ ಎಣ್ಣೆಗಾಗದದ ಕಿಸೆ ಹೊಲಿದುಕೊಟ್ಟಿದ್ದರು. ಉಳಿದ ಹತ್ತೂ ಕಿಸೆ ತುಂಬಿದ್ದವು. ಒಂಬತ್ತನೆಯದು ಖಾಲಿ.

“ಇದರಾಗ ಯಾರ್ಯಾರು ಕೈ ಹಾಕೀರಿ?”

“ನಾ. ಆಮ್ಯಾಲೆ ಮುಂಜಾನೆ ವೆಂಕಣ್ಣ ಬೆರಳು ಹಾಕಿ ನೋಡಿದ.”

“ಹರಿತಾಳ ಹತ್ತಿತ್ರಿ ಬೆರಳಿಗೆ,” ಎಂದೆ. ಹರಿತಾಳವೆಂದರೆ ಹುಳ ಹಿಡಿಯಬಾರದೆಂದು ಹಳೆಯ ಪೋಥಿಗಳಿಗೆ ಹಾಕುವ ಹಳದಿ ವಿಷ. “ನೀವು ಹಾಕಿದ್ದಲ್ಲೇನ್ರಿ? ಕೈ ಮೂರು ಸಲ ತೊಳಕೊಂಡೆ. ಆದ್ರೂ ಹೊಟ್ಟಿ ತೊಳಸಿಧಾಂಗ ಆಗ್ಲಿಕ್ಕತ್ತದ.”

ಖಾಜಾಸಾಬರು ನನ್ನ ಮುಖ ನೋಡಿದರು. ಹಾಳೆ ಮಡಚುವ ಎಲುಬಿನ ಪಟ್ಟಿಯ ತುದಿಯಿಂದ ಕಿಸೆಯ ತಳದ ಹಳದಿ ಪುಡಿಯನ್ನು ಒಂದು ಚೂರು ಕಾಗದಕ್ಕೆ ತೆಗೆದುಕೊಂಡು ನಮಗೆ ಬೆನ್ನು ಮಾಡಿ ನಿಂತರು. ಸುಣ್ಣದ ಡಬ್ಬಿಯ ಮುಚ್ಚಳ ತೆಗೆದ ಸಪ್ಪಳ ಕೇಳಿತು. ಎಲೆ ಹಾಕಿಕೊಳ್ಳುತ್ತಾರೆಂದುಕೊಂಡೆ. ಹಾಕಿಕೊಳ್ಳಲಿಲ್ಲ. ಕೈ ಒರೆಸಿಕೊಂಡು ಬಂದು ಕೂತರು.

“ಕಿಸೆ ಎಲ್ಲೂ ಹರದಿಲ್ಲ. ಅವಸರ ಮಾಡಿಲ್ಲ. ರಾಯರ, ಕಾರ್ಡ್ ಕಡೀಕ ಯಾವಾಗ ನೋಡಿದ್ರಿ?”

“ನಿನ್ನೆ ಸಂಜೀ ಆರಕ್ಕ. ಕಮರುದ್ದೀನ ಬಂದಿದ್ದ. ನೋಡ್ತೀನಿ ಅಂದ. ಹೊರಗ ಕಟ್ಟಿ ಮ್ಯಾಲೆ ಕೂತು ಆಲ್ಬಮ್ ತಗದ್ವಿ.”

ಕಮರುದ್ದೀನ ನಮ್ಮ ವಿಕೆಟ್‌ಕೀಪರ್. ಫೋಟೋ ಸ್ಟುಡಿಯೋ ಇಟ್ಟಿದ್ದ. ಕಾರ್ಡಿನ ಚಿತ್ರಗಳನ್ನೆಲ್ಲ ತೆಗೆದವನೂ ಅವನೇ.

“ಮುಂದ?”

“ಅಷ್ಟರಾಗ ಗೇಟಿನ್ಯಾಗ ರಾಮಪ್ಪ ಕಂಡ. ಪೊಲೀಸ ಖಾಕಿ ಹಾಕ್ಕೊಂಡಿದ್ದ. ನನ್ನ ಜೀವ ಹಾರಿತು. ಅವಾ ಒಳಗ ಬರಬಾರದಂತ ನಾವಿಬ್ರೂ ಗೇಟಿಗೆ ಓಡಿದ್ವಿ.”

ರಾಮಪ್ಪ ಹಿಂದೆ ನಮ್ಮ ಆರಂಭದ ಬ್ಯಾಟುಗಾರ, ಈಗ ಠಾಣೆಯ ಹವಾಲ್ದಾರ. ಎರಡನೇ ಕಾರ್ಡು ಅವನದೇ.

“ಎಷ್ಟೊತ್ತು ಮಾತಾಡಿದ್ರಿ?”

“ಐದು ನಿಮಿಷ. ಹಳೇ ಆಟದ ಕಾಗದಪತ್ರ ಏನರ ಇಟ್ಟೀಯೇನು ಅಂತ ಕೇಳಿದ. ನನ್ನ ಬಾಯಿಂದ ಮಾತ ಹೊರಡಲಿಲ್ಲ. ಅವಾ ಹೋದ ಮ್ಯಾಲೆ ಕಣ್ಣು ಮುಚ್ಚಿ ಆಲ್ಬಮ್ ಎತ್ತಿ ಟ್ರಂಕಿನ್ಯಾಗ ಹಾಕಿ ಕೀಲಿ ಜಡದೆ. ರಾತ್ರಿ ತಗೀಲಿಕ್ಕೆ ಧೈರ್ಯ ಆಗಲಿಲ್ಲ.”

“ಕೀಲೀಕೈ ಎಲ್ಲಿರತೈತಿ?”

“ಜನಿವಾರದಾಗ.”

“ಹಂಗಾರ ಇದು ಕಟ್ಟಿ ಮ್ಯಾಲಿಂದ ಹೋದದ್ದು. ಆ ಐದು ನಿಮಿಷದಾಗ. ಕಟ್ಟಿಗೆ ಯಾರ್ಯಾರು ಬಂದಿದ್ರು?”

“ಕಮರುದ್ದೀನ. ನಮ್ಮ ಇಂದು ಚಹಾ ಇಟ್ಟು ಹೋಗಿದ್ಲು. ರಾಮಪ್ಪ ಗೇಟಿನ ತನಕ.”

“ಅಷ್ಟನ?”

“ಅಷ್ಟರೀ.”

ಖಾಜಾಸಾಬರು ಖಾಲಿ ಕಿಸೆಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದರು. ಆಮೇಲೆ ಮೆಲ್ಲಗೆ ಕೇಳಿದರು, “ನಿಮ್ಮ ಮನೆಯವರು ಕಾರ್ಡ್ ಸುಡ್ರಿ ಅಂತಿದ್ರಲ್ಲ?”

ದತ್ತು ಮುಖ ಕೆಂಪು ಮಾಡಿದ. “ಆಕಿ ಮ್ಯಾಲೆ ಸಂಶಯ ಬ್ಯಾಡ್ರಿ. ಮುಂಜಾನೆ ನಾ ಕೇಳೇನಿ. ‘ನಾ ತಗೊಂಡಿದ್ರ ನಿಮ್ಮ ಕಣ್ಣ ಮುಂದನ ಒಲಿಗೆ ಹಾಕ್ತಿದ್ದೆ, ಕದ್ದು ಯಾಕ ಹಾಕ್ಲಿ’ ಅಂದ್ಲು.”

ವೈನಿಯ ಮಾತು ಹಾಗೆಯೇ ಇರುತ್ತದೆ. ನಾನು ನಂಬಿದೆ. ಖಾಜಾಸಾಬರೂ ತಲೆಯಾಡಿಸಿದರು.

ಕಮರುದ್ದೀನನ ಸ್ಟುಡಿಯೋ ಅದೇ ಗಲ್ಲಿಯ ತುದಿಯಲ್ಲಿತ್ತು. ಹೇಳಿ ಕಳಿಸಿದ ಕೂಡಲೇ ಬಂದ. ಕಾರ್ಡು ಹೋಗಿದೆ ಎಂದು ಕೇಳಿ ಅಲ್ಲೇ ಕುಸಿದು ಕೂತ.

“ನನ್ನ ಮ್ಯಾಲೆ ಡೌಟ್ ಐತೇನು, ಚಾಚಾ? ನನಗ ಕಾರ್ಡ್ ಯಾಕ ಬೇಕು? ಗಾಜಿನ ಪ್ಲೇಟ್ ನನ್ನ ಹಂತ್ಯಾಕ ಐತಿ. ಮನಸ್ಸಿಗೆ ಬಂದ್ರ ನೂರು ತಗೀತೀನಿ.”

“ಅದರಾಗ ಸಹಿ ಇರೂದಿಲ್ಲಲ್ಲೋ.”

ಕಮರುದ್ದೀನ ತುಟಿ ಕಚ್ಚಿದ.

“ಸಹಿ ಇದ್ದ ಕಾರ್ಡ್ ಕೊಡು ಅಂತ ನೀ ದತ್ತೂರಾಯರಿಗೆ ಗಂಟು ಬಿದ್ದಿದ್ದೆಲ್ಲ?”

“ಅದು ಎರಡು ವರ್ಷದ ಹಿಂದಿನ ಮಾತು. ಈಗ ಅದು ನನ್ನ ಹಂತ್ಯಾಕ ಸಿಕ್ರ ನಾನೂ ಮೈಲಾರಿ ಬಾಜೂಕ ಹೋಗಿ ಕುಂದರಬೇಕು. ನನಗೂ ಮಕ್ಕಳದಾವ, ಚಾಚಾ.”

“ನಿನ್ನೆ ಯಾಕ ನೋಡಾಕ ಹೋದಿ?”

“ಸುಟ್ಟಾನೋ ಇಲ್ಲೋ ನೋಡಾಕ ಹೋಗಿದ್ದೆ. ಖರೇ ಹೇಳ್ತೀನಿ. ಆ ಫೋಟೋ ತಗದಾವ ನಾನು. ಎಲ್ಲಾರ ಜೋಡಿ ನನ್ನೂ ಎಳೀತಾರಂತ ರಾತ್ರಿ ನಿದ್ದಿ ಬರವಲ್ದು.”

“ನೀವು ಗೇಟಿಗೆ ಓಡಿದಾಗ ಆಲ್ಬಮ್ ಯಾವ ಹಾಳಿಗೆ ತಗದಿತ್ತು?”

“ಒಂಬತ್ತಕ್ಕ.”

“ಯಾಕ?”

“ತೋರಸಾಕತ್ತಿದ್ದೆ...”

“ಯಾರಿಗೆ?”

ಕಮರುದ್ದೀನ ಬಾಯಿ ತೆರೆದ. ಅಷ್ಟರಲ್ಲಿ ಗಲ್ಲಿಯ ಕಲ್ಲಿನ ಮೇಲೆ ಬೂಟಿನ ಸಪ್ಪಳ. ಅರ್ಧ ಮುಚ್ಚಿದ ಬಾಗಿಲನ್ನು ಯಾರೋ ಲಾಠಿಯ ತುದಿಯಿಂದ ತಳ್ಳಿದರು.

ರಾಮಪ್ಪ!

ಆಲ್ಬಮ್ ಎಲ್ಲಿ ಹೋಯಿತೋ ನಾನು ನೋಡಲಿಲ್ಲ. ನೋಡುವಷ್ಟರಲ್ಲಿ ಖಾಜಾಸಾಬರು ಅದನ್ನು ಹಾಳೆ ಅದುಮುವ ಪ್ರೆಸ್ಸಿನೊಳಗೆ ಜಾರಿಸಿ, ಮೇಲೆ ರಟ್ಟು ಹೇರಿ, ಹಿಡಿ ತಿರುಗಿಸುತ್ತಿದ್ದರು.

“ಏನ್ರಿ ಮಾಸ್ತರ, ಯೂನಿಟಿ ಇಲೆವೆನ್ ಇಲ್ಲೇ ಕೂಡೇತಲ್ಲ?” ರಾಮಪ್ಪ ನಕ್ಕ. ಕಣ್ಣು ನಗಲಿಲ್ಲ. “ಖಾಜಾಸಾಬರ, ಠಾಣೆದ ರಜಿಸ್ಟರ್ ಆದವೇನ್ರಿ?”

“ಆಗ್ಯಾವ್ರಿ. ಕುಂದರ್ರಿ.”

ರಾಮಪ್ಪ ಕೂತ. ಪ್ರೆಸ್ಸಿಗೆ ಒರಗಿಯೇ ಕೂತ. ದತ್ತು ನೆಲ ನೋಡುತ್ತಿದ್ದ.

“ದತ್ತೂ, ನಿನ್ನೆ ಕೇಳಿದ್ದಕ್ಕ ಜವಾಬ ಕೊಡಲಿಲ್ಲ ನೀ.”

“ಏನೂ ಇಲ್ಲಪಾ ರಾಮಪ್ಪ. ಎಲ್ಲಾ ರದ್ದಿಗೆ ಹಾಕಿದೆ.”

“ಹಾಕಿದ್ರ ಛಲೋ ಆತು.” ಗೋಡೆಯ ಗಡಿಯಾರದ ಕಡೆ ಕತ್ತೆತ್ತಿ ನೋಡಿದ. “ಮೂರೂವರಿ. ಐದಕ್ಕ ಕೆಲಗೇರಿಗೆ ಹೋಗೂದೈತಿ. ಸಾಹೇಬರ ಹುಕುಂ. ಮೈಲಾರಿ ಅವ್ವನ ಮನಿ ಇನ್ನೊಮ್ಮಿ ಝಡತಿ ಮಾಡಬೇಕು. ಈ ಸಲ ದೇವರ ಜಗಲಿ ಸೈತ ಬಿಡಬ್ಯಾಡ ಅಂದಾರ.”

ರಜಿಸ್ಟರುಗಳನ್ನು ಕಂಕುಳಲ್ಲಿಟ್ಟುಕೊಂಡು ಅವನು ಹೊರಟುಹೋದ. ಬೆದರಿಸಲು ಹೇಳಿದನೋ, ಎಚ್ಚರಿಸಲು ಹೇಳಿದನೋ? ಎಷ್ಟು ಯೋಚಿಸಿದರೂ ನನಗೆ ಇಂದಿಗೂ ಬಗೆಹರಿದಿಲ್ಲ.

ಅವನ ಬೂಟಿನ ಸಪ್ಪಳ ಅಡಗಿದ್ದೇ ತಡ, ಖಾಜಾಸಾಬರು ಕೋಟು ಎತ್ತಿಕೊಂಡರು. “ಕಮರುದ್ದೀ, ನೀ ಅಂಗಡಿ ನೋಡ್ಕೋ. ಮಾಸ್ತರ, ಟಾಂಗಾ ಕರೀರಿ. ಲಗೂ!”

“ಎಲ್ಲಿಗ್ರಿ?”

“ಕೆಲಗೇರಿಗೆ.”

ಪೊಲೀಸರು ಹೋಗುವ ಮನೆಗೆ ನಾವಾಗಿಯೇ ಹೋಗುವುದೆ? ನನಗೆ ಬೇಡವೆನ್ನಬೇಕೆಂದಿತ್ತು. ಹೇಳಲಿಕ್ಕೂ ಅಂಜಿಕೆಯಾಗಿ ಟಾಂಗಾ ಕರೆದೆ.

ಕೆರೆಯ ಹಾದಿಗೆ ಬಿದ್ದ ಮೇಲೆ ದತ್ತು ತಡೆಯಲಾರದೆ ಕೇಳಿದ, “ಕಳ್ಳ ಸಿಕ್ಕನೇನ್ರಿ?”

“ಮಾಸ್ತರಿಗೆ ಮುಂಜಾನೇನ ಸಿಕ್ಕಿತ್ತು. ಮೂರು ಸಲ ತೊಳದು ಬಿಟ್ರು.”

ನಾನು ಬೆರಳು ನೋಡಿಕೊಂಡೆ.

“ನಾ ಆ ಆಲ್ಬಮ್ಮಿಗೆ ಹರಿತಾಳ ಹಾಕೇ ಇಲ್ಲ, ಮಾಸ್ತರ. ಆವಾಗ ರಾಯರ ಮಗಳು ಅಂಬೆಗಾಲಿಡತಿತ್ತು. ಕೈಗೆ ಸಿಕ್ಕದ್ದೆಲ್ಲ ಬಾಯಿಗೆ ಹಾಕೋ ಕೂಸಿದ್ದ ಮನಿಗೆ ವಿಷ ಹೆಂಗ ಕೊಡ್ಲಿ? ನಾ ಹಾಕದ ಹಳದಿ ಆ ಕಿಸೆದಾಗ ಹೆಂಗ ಬಂತು? ಸುಣ್ಣ ಹಚ್ಚಿ ತಿಕ್ಕಿದೆ. ಕೆಂಪಾತು.”

“ಅರಿಷಿಣ!” ಎಂದೆ.

“ಹೌದು.”

ದತ್ತು ಬೆಚ್ಚಿದ. “ಅರಿಷಿಣ ಅಂದ್ರ ಅಡಗೀಮನಿ ಕೈ... ಇಂದು...?”

“ಅಲ್ಲ. ಅಡಗೀಮನಿ ಕೈ ಆಗಿದ್ರ ಕಿಸೆದ ಬಾಯಿಗೆ ಕಲಿ ಬೀಳತಿತ್ತು. ಬಾಯಿ ಸ್ವಚ್ಛ ಐತಿ. ಪುಡಿ ತಳದಾಗ ಐತಿ. ಒಣಾ ಪುಡಿ, ಒಂದು ಚಿಟಿಕಿ. ಹತ್ತಿದ್ದಲ್ಲ ಅದು. ಯಾರೋ ಇಟ್ಟು ಹೋಗ್ಯಾರ.”

“ಯಾಕ ಇಡ್ತಾರ್ರಿ?”

“ಅದು ಭಂಡಾರ, ಮಾಸ್ತರ. ಮೈಲಾರಲಿಂಗನ ಒಕ್ಕಲದವರು ಸೊಂಟದ ಚೀಲದಾಗ ಇಟ್ಕೊಂಡ ಅಡ್ಡಾಡ್ತಾರ. ನಮ್ಮ ಓಣ್ಯಾಗ ಅಂಥಾವು ನಾಲ್ಕು ಮನಿ ಅದಾವ, ಹುಟ್ಟಿದಾಗಿಂದ ನೋಡೇನಿ. ಹಗೇವಿನಿಂದ ಕಡೀ ಬುಟ್ಟಿ ಜ್ವಾಳ ತಗದ್ರ ಆ ಜಾಗಾ ಬರಿದು ಬಿಡೂದಿಲ್ಲ. ತೊಟ್ಟಿಲದಾಗಿಂದ ಕೂಸು ಎತ್ಕೊಂಡ್ರೂ ಬಿಡೂದಿಲ್ಲ. ಚಿಟಿಕಿ ಭಂಡಾರ ಇಟ್ಟು ಏಳ್ತಾರ. ಪೊಲೀಸರಿಗೆ ಮಾರೂ ಮನಶಾ ಭಂಡಾರ ಇಡ್ತಾನೇನು? ಸುಡಾಕ ಒಯ್ಯಾವ ಇಡ್ತಾನೇನು? ನಿಮ್ಮ ಕಾರ್ಡ್ ಕದ್ದಾಕಿ ಸಾವಕ್ಕ, ಮೈಲಾರಪ್ಪನ ತಾಯಿ.”

ದತ್ತು ಬಿಳಿಚಿಕೊಂಡ. “ಆಕಿ... ಹೌದರಿ, ಆಕಿ ಇದ್ಲು. ಕಟ್ಟಿ ಕೆಳಗಿನ ಪಾವಟಿಗಿ ಮ್ಯಾಲೆ ಕೂತಿದ್ಲು. ಶುಕ್ರವಾರಕ್ಕೊಮ್ಮೆ ಮಗನ ಸುದ್ದಿ ಕೇಳ್ಲಿಕ್ಕೆ ಬರ್ತಾಳ.”

“ಯಾರು ಬಂದಿದ್ರು ಅಂತ ನಾ ಎರಡು ಸಲ ಕೇಳಿದೆ, ರಾಯರ. ಎರಡು ಸಲಾನೂ ಆಕಿನ್ನ ಎಣಸಲಿಲ್ಲ ನೀವು.”

ಸಾವಕ್ಕ ಒಳಗೆ ಬರುವವಳಲ್ಲ, ನಮ್ಮ ಮಾಳಮಡ್ಡಿಯಲ್ಲಿ ಯಾರೂ ಅವಳನ್ನು ಒಳಗೆ ಕರೆಯುವವರೂ ಅಲ್ಲ. ಪಾವಟಿಗೆಯ ಮೇಲೆ ಕೂತವಳನ್ನು ಬಂದವರ ಲೆಕ್ಕಕ್ಕೆ ಹಿಡಿಯುವ ರೂಢಿಯೇ ನಮಗಿರಲಿಲ್ಲ. ನಾನಿದ್ದರೂ ಅವಳ ಹೆಸರು ಹೇಳುತ್ತಿರಲಿಲ್ಲ.

“ಆ ಅಕ್ಷರದ ಸಂಗತಿ ಆಕಿಗೆ ಗೊತ್ತೈತೇನು?”

“ಹೇಳಿಲ್ಲರೀ,” ಎಂದೆ ನಾನು. “ಹೆಣ್ಣುಮಗಳು, ಹೆದರಿ ಎಲ್ಲೆರ ಬಾಯಿ ಬಿಟ್ಟಾಳು ಅಂತ ಹೇಳಲಿಲ್ಲ.”

“ಹಂಗಾರ ಮಗನ ಗಲ್ಲಿನ ಹಗ್ಗಾ ತಾನ ಒಯ್ದು ಜಗಲಿ ಮ್ಯಾಲೆ ಇಟ್ಟಾಳ. ಟಾಂಗಾದಾಂವ, ಹೊಡಿಯಪಾ ಜೋರಲೆ!”

ಬೆನ್ನ ಹಿಂದೆ ಸೈಕಲ್ಲಿನ ಗಂಟೆ ಕೇಳಿದಾಗಲೆಲ್ಲ ನಾನು ಕತ್ತು ಹೊರಳಿಸುತ್ತಿದ್ದೆ. ಒಬ್ಬ ಹಾಲಿನವ ದಾಟಿಹೋದ. ಆಮೇಲೊಬ್ಬ ಮದುವೆಯ ಡೊಳ್ಳು ಹೊತ್ತವ.

ಕೆರೆಯ ಏರಿಯ ಕೆಳಗೆ ಸಾವಕ್ಕನ ಮನೆ. ಒಂದೇ ಕೋಣೆ. ಬಾಗಿಲಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ನಮ್ಮನ್ನು ಕಂಡು ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದು ನಿಂತಳು. ಆಶ್ಚರ್ಯಪಡಲಿಲ್ಲ.

“ಕದ್ದೇನಿ, ರಾಯರ,” ಎಂದಳು. ನಾವಿನ್ನೂ ಏನನ್ನೂ ಕೇಳಿರಲಿಲ್ಲ. “ಆ ಫೋಟೋ ತೆಗ್ಯೋ ಹುಡುಗ ‘ನೋಡವ್ವಾ ನಿನ್ನ ಮಗಾ’ ಅಂತ ತೋರಿಸಿದ. ಆಮ್ಯಾಲೆ ಎಲ್ಲಾರೂ ಎದ್ದು ಓಡಿದ್ರಿ. ಆರು ತಿಂಗಳಾತು ಅವನ ಮಾರಿ ನೋಡಿ. ಜೇಲಿನ್ಯಾಗ ಒಳಗ ಬಿಡವಲ್ಲರು. ಗಲ್ಲಿಗೆ ಹಾಕಿದ್ರ ಹೆಣಾನೂ ಕೊಡೂದಿಲ್ಲಂತ ಯಾರೋ ಅಂದ್ರು. ಮಾರೀನ ಮರತ ಹೋದ್ರ ಏನ ಮಾಡ್ಲಿ ಅಂತ ಅಂಜಿಕಿ ಬಂತು. ತಗೊಂಡೆ.”

“ಎಲ್ಲೈತವ್ವಾ ಅದು?” ಖಾಜಾಸಾಬರು ಕೇಳಿದರು.

ಜಗಲಿಯ ಮೇಲೆ ಮೈಲಾರಲಿಂಗನ ತಗಡಿನ ಮೂರ್ತಿಯ ಹಿಂದೆ ಇತ್ತು. ತೆಗೆದುಕೊಟ್ಟಳು. ಚೆಂಡು ಹಿಡಿದು ನಗುತ್ತ ನಿಂತ ಮೈಲಾರಪ್ಪನ ಹಣೆಗೆ ಭಂಡಾರ ಹಚ್ಚಿದ್ದಳು. ಕಾಲ ಬಳಿ ಆ ಒಂದು ಸಾಲು, ಎಲ್ಲರೂ ಓದುವಂತೆ, ದುಂಡಗೆ, ಸ್ಪಷ್ಟವಾಗಿ.

ದತ್ತು ನೆಲದ ಮೇಲೆ ಅವಳ ಎದುರಿಗೆ ಕೂತ. ಯಾವ ಮಡಿಯೂ ಅವನಿಗೆ ನೆನಪಿದ್ದಂತೆ ಕಾಣಲಿಲ್ಲ. ಎಲ್ಲವನ್ನೂ ಹೇಳಿದ. ಚೀಟಿ, ಹೆಬ್ಬೆಟ್ಟು, ಸೋಮವಾರ. ಈ ಸಾಲನ್ನು ಪೊಲೀಸರು ನೋಡಿದರೆ ಏನಾಗುತ್ತದೆ ಎಂಬುದನ್ನೂ ಬಿಡಲಿಲ್ಲ.

ಸಾವಕ್ಕ ಹೆದರುತ್ತಾಳೆ, ಎದೆ ಬಡಿದುಕೊಂಡು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕಾರ್ಡಿನ ಮೇಲೆ ಬಗ್ಗಿದಳು.

“ಇದನ್ನ ನನ್ನ ಮಗಾ ಬರದಾನ? ಅವಂಗ ಬರಿಯಾಕ ಬರತೈತಿ?”

“ಬರ್ತದವ್ವಾ. ನಾನ ಕಲಿಸಿದೆ.”

“ನನಗ ಹೇಳಲಿಲ್ಲಲ್ಲೋ ಎಪ್ಪಾ ಅವಾ...” ಅವಳು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದಳು. “ಇದರಾಗ ಅವನ ಹೆಸರು ಯಾವುದು?”

ದತ್ತು ಅವಳ ಬೆರಳು ಹಿಡಿದು ಸಾಲಿನ ಕೊನೆಗೆ ಇಟ್ಟ. ನಾಲ್ಕು ಅಕ್ಷರ. ಸಾವಕ್ಕ ಅವುಗಳ ಮೇಲೆ ಬೆರಳಾಡಿಸಿದಳು, ಒಂದೊಂದರ ಸುತ್ತನ್ನೂ ಬಿಡದೆ. ಒಮ್ಮೆ ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದಳು. ನನಗೆ ಕೂಗಬೇಕೆನ್ನಿಸಿತು. ಹೊರಗೆ ಏರಿಯ ಮೇಲೆ ನಾಯಿ ಬೊಗಳತೊಡಗಿತ್ತು.

“ಬಂದ್ರು!” ಎಂದೆ.

ಸಾವಕ್ಕ ಎದ್ದಳು. ಕಾರ್ಡನ್ನು ಒಮ್ಮೆ ಕಣ್ಣಿಗೊತ್ತಿಕೊಂಡಳು. ಒಲೆಯಲ್ಲಿ ಕೆಂಡವಿತ್ತು. ಅದರ ಮೇಲಿಟ್ಟು ಊದಿದಳು.

ಉರಿ ಹತ್ತಿದ್ದನ್ನು ಕಂಡು ದತ್ತುವಿನ ಕೈ ತನ್ನಷ್ಟಕ್ಕೆ ಒಲೆಯ ಕಡೆ ಹೋಯಿತು. ಖಾಜಾಸಾಬರು ಆ ಮಣಿಕಟ್ಟು ಹಿಡಿದುಕೊಂಡರು. ಕಾರ್ಡು ಪೂರಾ ಬೂದಿಯಾಗುವ ತನಕ ಬಿಡಲಿಲ್ಲ.

ರಾಮಪ್ಪ ಇಬ್ಬರು ಪೊಲೀಸರೊಡನೆ ಒಳಗೆ ಬಂದಾಗ ಖಾಜಾಸಾಬರು ಹಳೆಯ ಕೌದಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

“ನೀವೆಲ್ಲಾ ಇಲ್ಲ್ಯಾಕ?”

“ರಟ್ಟಿಗೆ ಹಳೇ ಅರಿವಿ ಬೇಕಾಗಿತ್ರಿ ಹವಾಲ್ದಾರ್ರ. ಈಕಿ ಹತ್ರ ಛಲೋ ಅದಾವಂದ್ರು.”

ಮನೆಯನ್ನೆಲ್ಲ ತೆಗೆದು ಹಾಕಿದರು. ಜೋಳದ ಮಡಕೆ ಬೋರಲು ಬಿತ್ತು. ಜಗಲಿಯ ಮೂರ್ತಿಯನ್ನು ರಾಮಪ್ಪನೇ ಎತ್ತಿದ. ಅದರ ಹಿಂದೆ ಒಂದು ಚಿಟಿಕೆ ಭಂಡಾರ ಇತ್ತು, ಅಷ್ಟೇ. ಅವನು ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಮೂರ್ತಿಯನ್ನು ಇದ್ದಲ್ಲೇ ಇಟ್ಟು, “ಏನೂ ಸಿಗಲಿಲ್ಲ, ಬರಕೋ,” ಎಂದು ಜೊತೆಯವನಿಗೆ ಹೇಳಿದ.

ಸೋಮವಾರ ಕೋರ್ಟಿನಲ್ಲಿ ಮೈಲಾರಪ್ಪ ಜವಾಬಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಚೀಟಿ ಅವನದೆಂದು ತೋರಿಸಲು ಸರಕಾರಕ್ಕೆ ಆಗಲಿಲ್ಲ. ಗಲ್ಲು ತಪ್ಪಿತು. ಬಿಡುಗಡೆ ಮಾತ್ರ ಆಗಲಿಲ್ಲ. ಯುದ್ಧಕಾಲದ ಕಾನೂನು ಹಚ್ಚಿ ಕೋರ್ಟಿನ ಬಾಗಿಲಲ್ಲೇ ಮತ್ತೆ ಹಿಡಿದು, ನಾಸಿಕದ ಜೇಲಿಗೆ ಸಾಗಿಸಿದರು. ಆ ಚೀಟಿ ಬರೆದವನು ಅವನೋ ಅಲ್ಲವೋ? ನಾನು ದತ್ತೂನನ್ನು ಕೇಳಿಲ್ಲ, ದತ್ತು ನನ್ನನ್ನು ಕೇಳಿಲ್ಲ. ಸತ್ತ ಕಾವಲುಗಾರನ ನೆನಪಾದ ರಾತ್ರಿ ನನಗೆ ನಿದ್ದೆ ಹತ್ತುವುದಿಲ್ಲ.

ಮರು ರವಿವಾರ ದತ್ತು ನನ್ನನ್ನು ಮತ್ತೆ ಕೆಲಗೇರಿಗೆ ಎಳೆದುಕೊಂಡು ಹೋದ. ದಾರಿಯಲ್ಲಿ ಕಿಸೆಯಿಂದ ಒಂದು ಕಾರ್ಡು ತೆಗೆದು ತೋರಿಸಿದ. ಮೈಲಾರಪ್ಪ, ಚೆಂಡು, ಅದೇ ನಗೆ. ಸಹಿ ಇಲ್ಲದ್ದು.

“ಎಲ್ಲಿಂದ ಬಂತೋ ಇದು?”

“ಮೊದಲಿಂದ ಅದ. ಚಹಾದ ಪೊಟ್ಟಣದಾಗ ಒಂದನ ಎರಡೆರಡು, ಮೂರಮೂರು ಸಲ ಬರ್ತಿದ್ವಲ್ಲ. ಇವಂದು ಆರು ಹೆಚ್ಚಿಗಿ ಅದಾವ ನನ್ನ ಡಬ್ಬಿಯೊಳಗ.” ದತ್ತು ನನ್ನ ಮುಖ ನೋಡಲಿಲ್ಲ. “ಐದು ವರ್ಷ ಆತು, ವೆಂಕಣ್ಣಾ. ಆ ಮುದುಕಿಗೊಂದು ಕೊಡಬೇಕಂತ ಒಮ್ಮೆರೆ ಹೊಳೀಲಿಲ್ಲ ನೋಡು.”

ಸಾವಕ್ಕ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಣ್ಣು ತುಂಬಿ ಬಂದವು. ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು. ಚಿತ್ರದ ಕೆಳಗಿನ ಖಾಲಿ ಜಾಗದ ಮೇಲೆ ಬೆರಳಿಟ್ಟಳು. ಅತ್ತಿತ್ತ ಆಡಿಸಿದಳು.

“ಮಾರಿ ಅವಂದ ಐತಿ, ರಾಯರ,” ಎಂದಳು. “ಹೆಸರಿಲ್ಲಲ್ಲ?”

ಸಾವಕ್ಕ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬೂದಿಯನ್ನು ಅಂಗೈಯಿಂದ ಸಮ ಮಾಡಿ, ತೋರುಬೆರಳಿನಿಂದ ಏನೋ ಎಳೆದಳು. ಸೊಟ್ಟಸೊಟ್ಟಗೆ, ನಡುನಡುವೆ ನಿಂತು ನೆನಪು ಮಾಡಿಕೊಳ್ಳುತ್ತ.

“ಹಿಂಗ ಇತ್ತಲ್ಲ?”

ಬೂದಿಯಲ್ಲಿ ನಾಲ್ಕೂ ಅಕ್ಷರ ಇದ್ದವು. ಯಾರು ಬೇಕಾದರೂ ಓದಬಹುದಿತ್ತು. ದತ್ತು ಮಕ್ಕಳಂತೆ ಅಳತೊಡಗಿದ. ನಾನು ಹೋಗಿ ಬಾಗಿಲು ಹಾಕಿದೆ.